ತೊಟ್ಟಿಲು ತೂಗುವ ಮನೆಯಲ್ಲಿ ಉಪವಾಸ

ತನ್ನ ಪಾಲಿನ ಅನ್ನವನ್ನು ಬಿಡುವ ಅಧಿಕಾರ ಎಲ್ಲರಿಗೂ ಉಂಟು. ಇನ್ನೊಬ್ಬರ ಪಾಲಿನ ಅನ್ನವನ್ನು ಬಿಡುವ ಅಧಿಕಾರ ಯಾರಿಗೂ ಇಲ್ಲ. ಈ ಮಾತನ್ನು ಒಪ್ಪದವರಿಲ್ಲ. ಆದರೆ ತಾಯಿಯು ಉಣ್ಣುವ ಅನ್ನದಲ್ಲಿ ತೊಟ್ಟಿಲ ಕೂಸಿನ ಪಾಲೂ ಸೇರಿರುವಾಗ, ತನ್ನ ಪಾಲು ಎಲ್ಲಿಗೆ ಮುಗಿಯಿತು, ಮಗುವಿನ ಪಾಲು ಎಲ್ಲಿಂದ ಮೊದಲಾಯಿತು ಎಂದು ಗೆರೆ ಎಳೆಯುವುದು ಸುಲಭವಲ್ಲ. ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗೆ ದಶಲಕ್ಷಣ ಪರ್ವ, ಆಶ್ವಯುಜದಲ್ಲಿ ಜೀವದಯಾಷ್ಟಮಿ, ದೀಪಾವಳಿಯ ಅಮಾವಾಸ್ಯೆಗೆ ಮಹಾವೀರ ಸ್ವಾಮಿಯ ನಿರ್ವಾಣೋತ್ಸವ, ಹೀಗೆ ಮಳೆ ಹಿಂಜರಿದು ಶರತ್ಕಾಲ ನೆಲೆಗೊಳ್ಳುವ ದಿನಗಳೆಲ್ಲ ಶ್ರಾವಕರ ಮನೆಗಳಲ್ಲಿ ವ್ರತನಿಯಮಗಳ ದಿನಗಳು. ಎಳೆಮಕ್ಕಳಿರುವ ಮನೆಗಳಲ್ಲಿ ಈ ಪ್ರಶ್ನೆ ಪ್ರತಿ ವರ್ಷವೂ ಹೊಸದಾಗಿ ಏಳುತ್ತದೆ.

ಬಂಟ್ವಾಳದ ಬಳಿ ನೇತ್ರಾವತಿಯ ದಡದಲ್ಲಿರುವ ನರಿಕೊಂಬಿನಂಥ ಊರಿನ ಒಂದು ಮನೆಯನ್ನು ಭಾವಿಸಬಹುದು. ಗದ್ದೆಯಲ್ಲಿ ಏಣೆಲು ಬೆಳೆ ಹಣ್ಣಾಗುತ್ತಿದೆ. ಹೊಸ ಅಕ್ಕಿಯ ಊಟದ ದಿನ ಹತ್ತಿರವಾಗಿದೆ. ಮನೆಯಲ್ಲಿ ಎರಡೂವರೆ ವರ್ಷದ ಮಗುವೊಂದು ಚಾವಡಿಯಿಂದ ಅಂಗಳಕ್ಕೆ, ಅಂಗಳದಿಂದ ಬಾವಿಯ ಕಟ್ಟೆಗೆ ಓಡುತ್ತದೆ. ನಾಲ್ಕು ತಿಂಗಳಿನ ಇನ್ನೊಂದು ತೊಟ್ಟಿಲಲ್ಲಿದೆ. ಮದುವೆಯಾದಂದಿನಿಂದ ಚತುರ್ದಶಿಯ ಉಪವಾಸವನ್ನು ತಪ್ಪಿಸದ ಗೃಹಿಣಿಗೆ ಈ ಸಲ ಏನು ಮಾಡಬೇಕೆಂದು ತಿಳಿಯದು. ಅತ್ತೆ, “ನಾವೆಲ್ಲ ಹಾಲುಣಿಸುತ್ತಲೇ ಉಪವಾಸ ಮಾಡಿದವರು, ಏನೂ ಆಗಲಿಲ್ಲ” ಎನ್ನುತ್ತಾರೆ. ಗಂಡ, “ಈ ಕಾಲದಲ್ಲಿ ಇದೆಲ್ಲ ಏಕೆ, ಬಿಟ್ಟುಬಿಡು” ಎನ್ನುತ್ತಾನೆ. ಮೊದಲನೆಯ ಮಾತು ಆಕೆಯ ದೇಹವನ್ನು ಮರೆತಿದೆ. ಎರಡನೆಯದು ಆಕೆಯ ಶ್ರದ್ಧೆಯನ್ನು ಮರೆತಿದೆ.

ಶ್ರಾವಕಾಚಾರವು ಇಂಥ ಸಂದೇಹಕ್ಕೆ ದಾರಿ ತೋರದೆ ಬಿಟ್ಟಿಲ್ಲ. ಗೃಹಸ್ಥನ ಹನ್ನೆರಡು ವ್ರತಗಳಲ್ಲಿ ಅಣುವ್ರತಗಳು ಐದು, ಗುಣವ್ರತಗಳು ಮೂರು, ಶಿಕ್ಷಾವ್ರತಗಳು ನಾಲ್ಕು. ಅಹಿಂಸೆಯು ಮೊದಲನೆಯ ಅಣುವ್ರತ. ಪ್ರೋಷಧೋಪವಾಸವು ಶಿಕ್ಷಾವ್ರತಗಳಲ್ಲಿ ಒಂದು. ಉಳಿದ ವ್ರತಗಳು ಅಹಿಂಸೆಯ ರಕ್ಷಣೆಗಾಗಿ ಇರುವ ಬೇಲಿಗಳೆಂದು ಹಿರಿಯರು ತಿಳಿಸಿದ್ದಾರೆ. ಬೇಲಿಯನ್ನು ಗಟ್ಟಿಮಾಡಲು ಹೋಗಿ ಪೈರನ್ನೇ ತುಳಿಯುವುದು ಕೃಷಿಯಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳು ಹೇಳಲ್ಪಟ್ಟಿವೆ. ಅವುಗಳಲ್ಲಿ ಎರಡು ಈ ಮನೆಗೆ ನೇರವಾಗಿ ಸಂಬಂಧಿಸಿದವು. ಒಂದು ಅನ್ನಪಾನನಿರೋಧ, ಎಂದರೆ ಆಶ್ರಯದಲ್ಲಿರುವ ಜೀವಕ್ಕೆ ಆಹಾರಪಾನಗಳನ್ನು ತಡೆಯುವುದು. ಇನ್ನೊಂದು ಅತಿಭಾರಾರೋಪಣ, ಎಂದರೆ ಶಕ್ತಿಗೆ ಮೀರಿದ ಹೊರೆಯನ್ನು ಹೇರುವುದು. ಇವುಗಳಿಗೆ ಸಾಮಾನ್ಯವಾಗಿ ಕೊಡುವ ಉದಾಹರಣೆ ಕೊಟ್ಟಿಗೆಯ ಎತ್ತಿನದು. ಎತ್ತಿನ ವಿಷಯದಲ್ಲಿ ದೋಷವಾದದ್ದು ಕೂಸಿನ ವಿಷಯದಲ್ಲಿ, ಬಾಣಂತನ ಮುಗಿಸಿ ಎದ್ದ ತಾಯಿಯ ವಿಷಯದಲ್ಲಿ ದೋಷವಾಗದೆ ಹೋದೀತೆ?

ಮೊದಲು ಕೂಸಿನ ಪಕ್ಷ. ಹುಟ್ಟಿದ ಮಗುವಿಗೆ ಆರು ತಿಂಗಳವರೆಗೆ ತಾಯಿಯ ಹಾಲನ್ನಲ್ಲದೆ ಬೇರೆ ಆಹಾರವನ್ನಾಗಲಿ ನೀರನ್ನಾಗಲಿ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಲಹೆ ಮಾಡಿದೆ. ಇಂಥ ಮಗು ದಿನಕ್ಕೆ ಸುಮಾರು ಮುಕ್ಕಾಲು ಲೀಟರು ಹಾಲು ಕುಡಿಯುತ್ತದೆ. ಅದಕ್ಕಾಗಿ ತಾಯಿಗೆ ಎಂದಿನ ಆಹಾರದ ಮೇಲೆ ದಿನಕ್ಕೆ 600 ಕಿಲೊ ಕ್ಯಾಲೊರಿಯಷ್ಟು ಹೆಚ್ಚಿನ ಆಹಾರ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ನಿರ್ಧರಿಸಿದೆ. ಒಂದು ದಿನ ಉಣ್ಣದಿದ್ದರೆ ಹಾಲು ಆಗಲೇ ಬತ್ತಿಹೋಗುತ್ತದೆಂದು ಹೆದರಿಸುವುದು ಸತ್ಯವಲ್ಲ. ದೇಹವು ತನ್ನ ಸಂಗ್ರಹವನ್ನು ಕರಗಿಸಿ ಮಗುವಿಗೆ ಕೊಡುತ್ತದೆ. ಆದರೆ ಪೂರ್ಣ ಪ್ರೋಷಧೋಪವಾಸವೆಂದರೆ ಹದಿನಾರು ಪ್ರಹರ, ಅಂದರೆ 48 ಗಂಟೆ, ನೀರನ್ನೂ ಸೇರಿಸಿ ಚತುರ್ವಿಧ ಆಹಾರದ ತ್ಯಾಗ. ಸೆಕೆ ಇನ್ನೂ ಇಳಿಯದ ಕರಾವಳಿಯಲ್ಲಿ, ರಾತ್ರಿಯಿಡೀ ಎದ್ದು ಹಾಲುಣಿಸುವವಳಿಗೆ ಇದು ಬರಿಯ ಹಸಿವಲ್ಲ. ಬಳಲಿಕೆ, ತಲೆಸುತ್ತು, ನೀರಡಿಕೆ. ಅಪಾಯದ ಸಂಭವವನ್ನು ಬಲ್ಲವರು ಎಚ್ಚರ ತಪ್ಪಿದರೆ ಅದಕ್ಕೆ ಪ್ರಮಾದವೆಂದು ಹೆಸರು. ಹಿಂಸೆಯ ಮೂಲವು ಪ್ರಮಾದದಲ್ಲಿದೆ ಎಂಬುದು ಜಿನಾಗಮದ ನಿಲುವು. ಅನಾಹುತ ಆಗಲಿಲ್ಲವೆಂಬುದು ಪ್ರಮಾದಕ್ಕೆ ಸಮಾಧಾನವಲ್ಲ.

ಇನ್ನು ತಾಯಿಯ ಪಕ್ಷ. “ನಾವೆಲ್ಲ ಮಾಡಿದೆವು” ಎಂಬ ಹಿರಿಯರ ಮಾತು ಸುಳ್ಳಲ್ಲ. ಆದರೆ ಅವರು ಯಾವ ಮನೆಯಲ್ಲಿ ಮಾಡಿದರೆಂಬುದನ್ನೂ ನೆನೆಯಬೇಕು. ತುಳುನಾಡಿನ ಜೈನ ಕುಟುಂಬಗಳಲ್ಲಿ ಅಳಿಯಸಂತಾನದ ಕಟ್ಟು ನಡೆಯುತ್ತಿದ್ದಾಗ ಹೆಣ್ಣಿನ ಹಕ್ಕಿನ ಮನೆ ತಾಯಿಮನೆಯೇ ಆಗಿತ್ತು. ಒಂದೇ ಸೂರಿನಡಿ ಅಜ್ಜಿ, ತಾಯಿ, ಅಕ್ಕತಂಗಿಯರು ಇದ್ದರು. ಒಬ್ಬಳು ಉಪವಾಸ ಹಿಡಿದರೆ ಇನ್ನೊಬ್ಬಳು ಮಗುವನ್ನು ಎತ್ತಿಕೊಳ್ಳುತ್ತಿದ್ದಳು, ಮೂರನೆಯವಳು ಒಲೆಯ ಮುಂದೆ ಕೂರುತ್ತಿದ್ದಳು. 1949ರ ಅಳಿಯಸಂತಾನ ಕಾನೂನು, 1956ರ ಉತ್ತರಾಧಿಕಾರ ಕಾನೂನು, ಉದ್ಯೋಗಕ್ಕಾಗಿ ಮಂಗಳೂರು ಮುಂಬಯಿಗಳ ಕಡೆಗೆ ನಡೆದ ವಲಸೆ, ಇವೆಲ್ಲದರಿಂದ ಆ ದೊಡ್ಡ ಮನೆಗಳು ಪಾಲಾದವು. ಹೊರುವ ಕೈಗಳು ಕಡಿಮೆಯಾದವು. ಹೊರೆ ಮಾತ್ರ ಹಾಗೆಯೇ ಉಳಿಯಿತು. ಇಂದು ಅದೇ ವ್ರತವನ್ನು ಒಬ್ಬಳ ತಲೆಯ ಮೇಲೆ ಇಟ್ಟು, ಮರುದಿನ ಎಲ್ಲರ ಪಾರಣೆಯ ಅಡುಗೆಯನ್ನೂ ಆಕೆಯಿಂದಲೇ ಮಾಡಿಸುವುದು ಅತಿಭಾರಾರೋಪಣವಲ್ಲದೆ ಮತ್ತೇನು?

ವ್ರತದ ಕಡೆಯಿಂದ ನೋಡಿದರೂ ಇದೇ ತೀರ್ಮಾನಕ್ಕೆ ಬರಬೇಕಾಗುತ್ತದೆ. ಪ್ರೋಷಧದ ದಿನ ಆರಂಭಗಳನ್ನು ಬಿಟ್ಟು, ಬಸದಿಯಲ್ಲೋ ಏಕಾಂತದಲ್ಲೋ ಧ್ಯಾನ ಸ್ವಾಧ್ಯಾಯಗಳಲ್ಲಿ ಇರಬೇಕೆಂಬುದು ವಿಧಿ. ಅನಾದರ, ಮರೆವು ಇವು ಆ ವ್ರತದ ಅತಿಚಾರಗಳಲ್ಲಿ ಸೇರಿವೆ. ಕೂಸು ಅಳುವಾಗ ಜಪಮಾಲೆಯ ಮಣಿ ಎಷ್ಟಾಯಿತೆಂದು ತಾಯಿಗೆ ನೆನಪಿರುವುದಿಲ್ಲ, ಇರಲೂಬಾರದು. ದಶಲಕ್ಷಣದ ಮೊದಲನೆಯ ದಿನವೇ ಉತ್ತಮ ಕ್ಷಮೆಯ ದಿನ. ಅಂದು ಹಸಿದ ಹೊಟ್ಟೆಯಲ್ಲಿ, ಹಾಲಿನ ಪಾತ್ರೆ ಮಗುಚಿದ ಪುಟ್ಟ ಮಗುವಿಗೆ ಒಂದು ಪೆಟ್ಟು ಕೊಟ್ಟರೆ ಅನ್ನತ್ಯಾಗ ಉಳಿಯಿತು, ಕ್ಷಮಾಧರ್ಮ ಹೋಯಿತು.

ಹಾಗಾದರೆ ಮಕ್ಕಳಿರುವ ಮನೆಗೆ ವ್ರತವೇ ಬೇಡವೆ? ಇಂಥ ವಿನಾಯಿತಿಗಳಿಂದಲೇ ಶಿಥಿಲಾಚಾರ ಬೆಳೆಯುತ್ತದೆಂಬ ಆಕ್ಷೇಪಣೆ ಸಣ್ಣದಲ್ಲ. ಷೋಡಶಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಶಕ್ತಿಗೆ ತಕ್ಕಂತೆ ಮಾಡಬೇಕೆಂದು ವಿಧಿಸಲಾಗಿದೆ. ಶಕ್ತಿಯನ್ನು ಮೀರುವುದು ಹೇಗೆ ತಪ್ಪೋ, ಇರುವ ಶಕ್ತಿಯನ್ನು ಬಚ್ಚಿಡುವುದೂ ಹಾಗೆಯೇ ತಪ್ಪು. ವಿನಾಯಿತಿ ಹಾಲಿಗೆ ಸಲ್ಲುವುದೇ ಹೊರತು ನಾಲಗೆಗಲ್ಲ. ಅನಶನವು ಆರು ಬಾಹ್ಯ ತಪಗಳಲ್ಲಿ ಒಂದು ಮಾತ್ರ. ರಸಪರಿತ್ಯಾಗವೂ ಅವುಗಳಲ್ಲಿ ಸೇರಿದೆ. ಹೊಟ್ಟೆ ತುಂಬ ಉಣ್ಣುತ್ತಲೇ ಸಿಹಿಯನ್ನು, ಕರಿದ ತಿಂಡಿಯನ್ನು ಹತ್ತು ದಿನ ಬಿಡಬಹುದು. ಊಟದ ಪದಾರ್ಥಗಳಿಗೆ ಎಣಿಕೆ ಇಡಬಹುದು. ಮೌನದಿಂದ ಉಣ್ಣಬಹುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕಾಲದ ಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ಜೀವನಪರ್ಯಂತದ್ದನ್ನು ಯಮವೆಂದೂ ವಿಂಗಡಿಸಿದ್ದಾರೆ. “ಮಗುವು ಅನ್ನಕ್ಕೆ ಹೊಂದಿಕೊಳ್ಳುವವರೆಗೆ ಇಷ್ಟು ಮಾತ್ರ; ಅನಂತರ ಪೂರ್ಣ ಉಪವಾಸ” ಎಂದು ಮಿತಿಯನ್ನು ಇಟ್ಟು ಹಿಡಿದರೆ ವ್ರತವನ್ನು ಬಿಟ್ಟಂತಾಗುವುದಿಲ್ಲ; ಮುಂದಿಟ್ಟಂತಾಗುತ್ತದೆ.

ಇಲ್ಲಿ ಇನ್ನೊಂದು ಎಚ್ಚರವೂ ಬೇಕು. ಮಗುವನ್ನು ಸಾಕುವುದೇ ದೊಡ್ಡ ತಪಸ್ಸು ಎಂದು ಹೊಗಳುವವರಿದ್ದಾರೆ. ಹೊಗಳಿಕೆ ಹಿತವಾಗಿದೆ, ಆದರೆ ಶಾಸ್ತ್ರಸಮ್ಮತವಲ್ಲ. ವೈಯಾವೃತ್ತ್ಯವೆಂಬ ಅಂತರಂಗ ತಪವು ಆಚಾರ್ಯರು, ರೋಗಿಯಾದ ಮುನಿಗಳು ಮೊದಲಾದವರ ಸೇವೆಗೆ ಹೇಳಿದ್ದು. ತನ್ನ ಮಗುವಿನ ಮೇಲಿನ ಅಕ್ಕರೆಯಲ್ಲಿ ರಾಗವೂ ಬೆರೆತಿರುತ್ತದೆ. ಅದು ತಪಸ್ಸಲ್ಲ, ತೀರಿಸಲೇಬೇಕಾದ ಋಣ. ಆ ಋಣ ತಾಯಿಯೊಬ್ಬಳದಲ್ಲ. ಗಂಡನು ಚತುರ್ದಶಿಯ ಉಪವಾಸವನ್ನು ತಾನು ಹಿಡಿದು, ಅಂದು ಬಸದಿಗೆ ಹೋಗಿ ಬಂದ ಮೇಲೆ ದೊಡ್ಡ ಮಗುವನ್ನು ತನ್ನ ಬಳಿ ಇಟ್ಟುಕೊಳ್ಳಬಹುದು. ಅತ್ತೆಯು ಪೂಜೆಯ ಒಂದು ಗಂಟೆ ತೊಟ್ಟಿಲು ತೂಗಿದರೆ ಸೊಸೆ ನೆಮ್ಮದಿಯಿಂದ ಸಾಮಾಯಿಕಕ್ಕೆ ಕೂರಬಹುದು.

ಓಡಾಡುವ ಮಗುವಿನ ವಿಷಯ ಬೇರೆ. ಎಂಟು ವರ್ಷ ತುಂಬುವ ಮೊದಲು ಸಂಯಮವನ್ನು ಹಿಡಿಯುವ ಯೋಗ್ಯತೆ ಮನುಷ್ಯನಿಗೆ ಬರುವುದಿಲ್ಲವೆಂಬುದು ಆಗಮದ ಮಾತು. ಎರಡೂವರೆ ವರ್ಷದ ಕೂಸಿನಿಂದ “ಇಂದು ನನಗೂ ಉಪವಾಸ” ಎನ್ನಿಸಿ ನೆಂಟರ ಮುಂದೆ ಮೆರೆಯುವುದು ಮಗುವಿನ ವ್ರತವಲ್ಲ, ಹಿರಿಯರ ಮಾನಕಷಾಯ. ರಾತ್ರಿಭೋಜನ ತ್ಯಾಗವನ್ನೂ ಮಗುವಿಗೆ ಬೆದರಿಕೆಯಿಂದ ಕಲಿಸಲಾಗದು. ದೀಪಾವಳಿ ಹತ್ತಿರವಾದಂತೆ ಆರು ಗಂಟೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನ ತಡವಾಗಿ ಮಲಗಿ ಐದಕ್ಕೆ ಎದ್ದ ಮಗುವಿಗೆ ಹಸಿವಾಗುವುದು ಏಳಕ್ಕೆ. ಹಸಿದು ಅಳುವ ಮಗುವನ್ನು ಹಾಗೆಯೇ ಮಲಗಿಸಿದರೆ ಮತ್ತೆ ಅದೇ ಅನ್ನಪಾನನಿರೋಧ. ನಾಳೆ ಅದನ್ನು ಬೇಗ ಮಲಗಿಸಿ, ಬೇಗ ಎಬ್ಬಿಸಿ, ಬೆಳಕಿರುವಾಗಲೇ ಎಲ್ಲರೂ ಜೊತೆಗೆ ಉಣ್ಣುವುದು ಹಿರಿಯರು ಹಿಡಿಯಬೇಕಾದ ನಿಯಮ.

ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಕಥೆ ನಮ್ಮ ಮನೆಗಳಿಗೆ ಹೊಸತಲ್ಲ. ಹಿಟ್ಟಿನ ಕೋಳಿಯನ್ನು ಕಡಿದ ಸಂಕಲ್ಪಹಿಂಸೆಯನ್ನು ಎಲ್ಲರೂ ನೆನೆಯುತ್ತಾರೆ. ಆ ಕಥೆ ಮೊದಲಾಗುವುದು ಮಾತ್ರ ಬಲಿಗೆಂದು ತಂದು ನಿಲ್ಲಿಸಿದ ಅಣ್ಣತಂಗಿಯರಿಂದ. ಮಾರಿದತ್ತನು ಅವರ ಮುಖ ನೋಡಿದನು, ಅವರ ಮಾತು ಕೇಳಿದನು, ಕತ್ತಿಯನ್ನು ಕೆಳಗಿಟ್ಟನು. ವ್ರತ ಹಿಡಿಯುವ ಮುನ್ನ ಮನೆಯ ಹಿರಿಯರೆಲ್ಲ ಒಂದೆಡೆ ಕೂತು, ಈ ಮನೆಯಲ್ಲಿ ಯಾರಿಗೆ ಎಷ್ಟು ಶಕ್ತಿಯಿದೆ, ಯಾರ ಹೊರೆಯನ್ನು ಯಾರು ಹೊರಬಲ್ಲರು ಎಂದು ವಿಚಾರಿಸಿಕೊಳ್ಳುವುದು ಶ್ರೇಯಸ್ಕರ. ಮಾತು ಬಾರದ ಕೂಸಿನ ಪರವಾಗಿ ಅಲ್ಲಿ ಯಾರಾದರೊಬ್ಬರು ಮಾತನಾಡಬೇಕು.