ಮಾತು ಬಲ್ಲವ ತಂದ ಮಾಣಿಕ್ಯ

‘ಮಾತು ಬಲ್ಲವ ಮಾಣಿಕ್ಯ ತಂದ, ಮಾತು ಅರಿಯದವ ಜಗಳ ತಂದ.’ ನಾಲಗೆ ಹಿಡಿತದಲ್ಲಿರಲಿ ಎಂಬ ಬುದ್ಧಿಮಾತಾಗಿಯೇ ಈ ಗಾದೆ ನಮ್ಮಲ್ಲಿ ಬಳಕೆಯಲ್ಲಿದೆ. ಆದರೆ ಪದಗಳನ್ನು ಬಿಡಿಸಿ ನೋಡಿದರೆ, ಸಭೆಯ ಮುಂದೆ ನಿಲ್ಲುವವರಿಗೆ ಬೇಕಾದ ಪಾಠವೆಲ್ಲ ಇದರಲ್ಲಿದೆ. ಗಾದೆ ‘ಮಾತಾಡಿದವ’ ಎನ್ನುವುದಿಲ್ಲ, ‘ಬಲ್ಲವ’ ಎನ್ನುತ್ತದೆ. ಮಾಣಿಕ್ಯವನ್ನು ‘ಪಡೆದ’ ಎನ್ನದೆ ‘ತಂದ’ ಎನ್ನುತ್ತದೆ. ತರಬೇಕಾದರೆ ಮೊದಲು ಹೋಗಿ ಹುಡುಕಿರಬೇಕು; ತಂದ ಮೇಲೆ ಯಾರ ಕೈಗಾದರೂ ಒಪ್ಪಿಸಬೇಕು. ಹುಡುಕಾಟವೇ ಸಿದ್ಧತೆ, ಒಪ್ಪಿಸುವುದೇ ಮಂಡನೆ. ಕಾಲೇಜಿನ ಸೆಮಿನಾರಾಗಲಿ, ಕಚೇರಿಯ ಪ್ರೆಸೆಂಟೇಶನ್ ಆಗಲಿ, ಕೇಳಿ ಎದ್ದುಹೋಗುವವರ ಕೈಯಲ್ಲಿ ಏನು ಉಳಿಯಿತು ಎಂಬುದರ ಮೇಲೆ ಅದರ ಬೆಲೆ ನಿಂತಿದೆ.

ಉಡುಪಿ ಸೀಮೆಯಲ್ಲಿ ಈ ಹುಡುಕಾಟಕ್ಕೆ ಸಾಕ್ಷಿ ಹೇಳುವುದು ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿ ಮುಗಿಸುತ್ತಾರೆ, ಮದ್ದಳೆಯ ನಾದ ಅಡಗುತ್ತದೆ, ಪಾತ್ರದ ಮಾತಾಡುವ ಅರ್ಥಧಾರಿ ಕುಳಿತಲ್ಲಿಂದಲೇ ಮಾತು ಎತ್ತಿಕೊಳ್ಳುತ್ತಾರೆ. ಆಡುವ ಮಾತು ಮೊದಲೇ ಬರೆದಿಟ್ಟದ್ದಲ್ಲ. ಹಾಗೆಂದು ಸಿದ್ಧತೆ ಇಲ್ಲದ್ದೂ ಅಲ್ಲ. ವಾಲಿವಧೆಯ ಪ್ರಸಂಗವನ್ನೇ ನೋಡಿ: ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ವಾಲಿ ರಾಮನನ್ನು ಕೇಳಬೇಕು. ಕಥೆಯ ಕೊನೆ ಸಭೆಗೆಲ್ಲ ಗೊತ್ತು. ವಾಲಿ ಸಾಯುವುದನ್ನು ಯಾರೂ ತಪ್ಪಿಸಲಾರರು. ಸಭೆ ಕಾದಿರುವುದು ತರ್ಕಕ್ಕಾಗಿ. ರಾಮನ ಪಾತ್ರಧಾರಿ ಯಾವ ಉತ್ತರ ಹಿಡಿದು ಬರಬಹುದೆಂದು ಮೊದಲೇ ಯೋಚಿಸದ ವಾಲಿಯ ಪ್ರಶ್ನೆಗೆ ಮೊನೆ ಇರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ಮಲ್ಪೆಯ ಸಾಮಗ ಸೋದರರಾದ ಶಂಕರನಾರಾಯಣ ಸಾಮಗರು ಮತ್ತು ರಾಮದಾಸ ಸಾಮಗರು ಹೆಸರಾದದ್ದು ಇಂಥ ಅರ್ಥಗಾರಿಕೆಯಿಂದ. ಪುರಾಣ ಓದಿ, ಪ್ರಸಂಗದ ಪದಗಳನ್ನು ಮನನ ಮಾಡಿ, ಎದುರಾಳಿಯ ವಾದವನ್ನೂ ತನ್ನದೆಂಬಷ್ಟು ಅರಿತವರಿಗೆ ಮಾತ್ರ ಆಶುಮಾತು ಒಲಿಯುತ್ತದೆ.

ಅದು ಕಲೆ, ನಮಗಿರುವುದು 15 ನಿಮಿಷ ಮತ್ತು ಒಂದಷ್ಟು ಅಂಕಿಅಂಶ ಎಂದು ಮಣಿಪಾಲದ ವಿದ್ಯಾರ್ಥಿಯೊಬ್ಬರು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಆದರೆ ರಾತ್ರಿಯಿಡೀ ನಡೆಯುತ್ತಿದ್ದ ತಾಳಮದ್ದಳೆಯ ಕೂಟಗಳೂ ಇಂದು ಕೆಲವೇ ಗಂಟೆಗಳ ಕಾಲಮಿತಿಗೆ ಬಂದಿವೆ. ಪೀಠಿಕೆ ಕಿರಿದಾಗಿದೆ, ವಾದದ ತಿರುಳು ಉಳಿದಿದೆ. ಹೊತ್ತು ಕಡಿಮೆಯಾದಷ್ಟೂ ಆಯ್ಕೆಯ ಹೊಣೆ ಹೆಚ್ಚುತ್ತದೆ. ಸ್ಲೈಡಿನ ತುಂಬ ಹತ್ತು ಸಾಲು ಬರೆದು, ಸಭೆಗೆ ಬೆನ್ನು ಹಾಕಿ ಅದನ್ನೇ ಓದುವವರು ಕೇಳುಗರ ಕಣ್ಣು ಕಿವಿ ಎರಡನ್ನೂ ದಣಿಸುತ್ತಾರೆ. ಬಾಯಿ ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಕಣ್ಣು ಹತ್ತನ್ನೂ ಮುಗಿಸಿರುತ್ತದೆ. ಆಯ್ಕೆ ಹೇಗಿರಬೇಕೆಂದು ಕಾಪುವಿನ ದೀಪಸ್ತಂಭವನ್ನು ನೋಡಿ ಕಲಿಯಬಹುದು. 1901ರಲ್ಲಿ ಕಟ್ಟಿದ ಅದು ಕಡಲನ್ನೆಲ್ಲ ಬೆಳಗಲು ಹೊರಟದ್ದಲ್ಲ. ನೀವು ಇರುವುದು ಇಲ್ಲಿ ಎಂಬ ಒಂದೇ ಸಂಗತಿಯನ್ನು ಅದು ಮತ್ತೆ ಮತ್ತೆ ಹೇಳುತ್ತದೆ. ದೋಣಿಯವರಿಗೆ ಬೇಕಾದದ್ದೂ ಅಷ್ಟೇ. ಮಂಡನೆಗೂ ಅಂಥದೊಂದು ಮುಖ್ಯ ಮಾತು ಇರಬೇಕು. ಅಂಕಿಅಂಶ, ಚಿತ್ರ, ಉದಾಹರಣೆಗಳೆಲ್ಲ ಅದರ ಊಳಿಗಕ್ಕೆ.

ಹಾಗಾದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು? ಇದಕ್ಕೆ ಉತ್ತರ ಕೇಳುಗರ ಬಳಿಯೇ ಇದೆ. ಕಾರ್ಕಳ ತಾಲ್ಲೂಕಿನ ನಂದಳಿಕೆಯಲ್ಲಿ ಹುಟ್ಟಿ, ಉಡುಪಿಯಲ್ಲಿ ಮೇಷ್ಟ್ರಾಗಿದ್ದ ಕವಿ ಮುದ್ದಣ (1870–1901) ಇದನ್ನು ‘ಶ್ರೀರಾಮಾಶ್ವಮೇಧ’ದಲ್ಲಿ ಕಾಣಿಸಿದ್ದಾನೆ. ಕಥೆ ಹೇಳುವವನು ಮುದ್ದಣ, ಕೇಳುವವಳು ಅವನ ಹೆಂಡತಿ ಮನೋರಮೆ. ಯಾವ ಕಥೆ ಬೇಕು, ಪದ್ಯವೋ ಗದ್ಯವೋ ಎಂಬುದನ್ನು ತೀರ್ಮಾನಿಸುವವಳು ಅವಳು. ಸಂಸ್ಕೃತದ ಭಾರ ಹೆಚ್ಚಿದಾಗ ತಡೆದು ನಿಲ್ಲಿಸುವವಳೂ ಅವಳೇ. ಕವಿಗೆ ಪಾಂಡಿತ್ಯದ ಕೊರತೆ ಇರಲಿಲ್ಲ. ಆದರೂ ಅವನು ಕೇಳುವವಳಿಗೆ ಮಣಿದ, ಆ ಮಣಿಯುವಿಕೆಯಿಂದ ಕನ್ನಡಕ್ಕೆ ಹೊಸ ಗದ್ಯ ಸಿಕ್ಕಿತು. ಕೇಳುಗರಿಗೆ ಮಣಿದರೆ ವಿಷಯ ತೆಳುವಾಗುತ್ತದೆ ಎಂಬ ಅಂಜಿಕೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಇನ್ನು ಎರಡು ಸಂದೇಹ ಉಳಿಯುತ್ತವೆ. ಮಾತುಗಾರಿಕೆ ಹುಟ್ಟಿನಿಂದ ಬರುವುದಲ್ಲವೇ? ಕಂಠ ಹುಟ್ಟಿನಿಂದ ಬಂದೀತು; ‘ಬಲ್ಲವ’ನಾಗುವುದು ಕಲಿಕೆಯಿಂದ. ಉಡುಪಿಯ ಯಕ್ಷಗಾನ ಕಲಾರಂಗ ಶಾಲೆಗಳಲ್ಲಿ ಯಕ್ಷಶಿಕ್ಷಣ ನಡೆಸುತ್ತಿರುವುದು ಈ ನಂಬಿಕೆಯ ಮೇಲೆಯೇ. ಎರಡನೆಯದು ಇನ್ನೂ ಗಂಭೀರ: ಚೆಂದದ ಮಾತಿನಿಂದ ಸುಳ್ಳನ್ನೂ ಮಾರಬಹುದಲ್ಲ? ಮಾರಬಹುದು. ಆದರೆ ಗಾದೆ ಹೇಳುವುದು ಮಾಣಿಕ್ಯದ ಮಾತು, ಗಾಜಿನ ಚೂರಿನದಲ್ಲ. ಸಭೆಯಿಂದ ಒಂದು ಪ್ರಶ್ನೆ ಬಂದಾಗ ಎರಡರ ವ್ಯತ್ಯಾಸ ತಿಳಿಯುತ್ತದೆ. ವಿಷಯ ಬಲ್ಲವರು ಪ್ರಶ್ನೆಯನ್ನು ಬರಮಾಡಿಕೊಳ್ಳುತ್ತಾರೆ. ಅರಿಯದವರು ಸಿಡುಕುತ್ತಾರೆ, ಗಾದೆ ಹೇಳಿದ ಜಗಳ ಅಲ್ಲಿಂದಲೇ ಶುರು. ಆದ್ದರಿಂದ ನಾಳೆ ಸಭೆಯ ಮುಂದೆ ನಿಲ್ಲುವವರು ಸ್ಲೈಡಿಗೆ ಬಣ್ಣ ಹಚ್ಚುವ ಮುನ್ನ ಒಂದು ಕಾಗದದಲ್ಲಿ ಎರಡು ಸಾಲು ಬರೆದುಕೊಳ್ಳಲಿ: ಕೇಳುವವರು ಯಾರು, ಅವರಿಗೆ ನಾನು ಏನು ತಂದಿದ್ದೇನೆ. ಎರಡನೆಯ ಸಾಲು ಖಾಲಿ ಉಳಿದರೆ, ಹುಡುಕಾಟ ಇನ್ನೂ ಮುಗಿದಿಲ್ಲ.