ಕೂಲಿಯವನ ಸಂಬಳವೂ ಸೂರ್ಯಾಸ್ತಮಾನವೂ

ಆಧಾರ ವಾಕ್ಯ: ಧರ್ಮೋಪದೇಶಕಾಂಡ 24:14, 15



ಕೊಡಗಿನ ನಮ್ಮ ಸಭೆಯವರ ಮನೆಗಳಲ್ಲಿ ವೇದವಾಕ್ಯಗಳಿಗೆ ಕೊರತೆಯಿಲ್ಲ. ಬಾಗಿಲ ಮೇಲೊಂದು, ಗೋಡೆಯ ಪಂಚಾಂಗದಲ್ಲೊಂದು, ಮದುವೆಯ ಕಾಗದದ ತಲೆಯ ಮೇಲೊಂದು. ಆದರೆ ಮೇಲೆ ಸೂಚಿಸಿದ ವಾಕ್ಯಕ್ಕೆ ಕಟ್ಟು ಹಾಕಿಸಿ ತೂಗಹಾಕಿದ ಮನೆಯನ್ನು ನಾನು ಇದುವರೆಗೂ ಕಂಡಿಲ್ಲ. ಬಡ ಕೂಲಿಯವನು ಸ್ವಜನನಾಗಿರಲಿ ಪರದೇಶದವನಾಗಿರಲಿ ಅವನನ್ನು ಪೀಡಿಸಲಾಗದು. ಅವನ ಕೂಲಿಯನ್ನು ಆ ದಿನವೇ, ಹೊತ್ತು ಮುಳುಗುವದಕ್ಕೆ ಮುಂಚೆ ಕೊಡತಕ್ಕದ್ದು. ಅವನು ಬಡವನಾದದರಿಂದ ಅದರ ಮೇಲೆಯೇ ಮನಸ್ಸಿಟ್ಟಿರುತ್ತಾನೆ. ಕೊಡದೆ ಹೋದರೆ ಅವನು ಯೆಹೋವನಿಗೆ ಮೊರೆಯಿಡುವನು, ಅದು ನಮಗೆ ಪಾಪವಾಗಿ ನಿಲ್ಲುವದು. ಇದೇ ಮೋಶೆಯ ಮಾತಿನ ಸಾರ. ನಮ್ಮ ಮನಸ್ಸಿಗೆ ಆದರಣೆ ಕೊಡುವ ವಾಕ್ಯ ಇದಲ್ಲ, ಲೆಕ್ಕ ಕೇಳುವ ವಾಕ್ಯ. ಆದದರಿಂದಲೇ ಇದು ಗೋಡೆಗೆ ಏರಲಿಲ್ಲವೆಂದು ತೋರುತ್ತದೆ.

ಈ ವಾಕ್ಯವನ್ನು ಕುರಿತು ಬರೆಯುವದಕ್ಕೆ ನನಗಿರುವ ಅಧಿಕಾರ ಅಲ್ಪ. ಯಾಕಂದರೆ ಇದನ್ನು ಮೀರಿದವರಲ್ಲಿ ನಾನೂ ಒಬ್ಬನು. ಉಪದೇಶಿಯ ಕೆಲಸದ ಜೊತೆಯಲ್ಲಿ ನನಗೆ ಸ್ವಲ್ಪ ಕಾಫಿ ತೋಟವುಂಟು. ಕೆಲವು ವರುಷಗಳ ಹಿಂದೆ, ರೊಬಸ್ಟಾ ಕೊಯ್ಲಿನ ಕಾಲದಲ್ಲಿ, ಒಬ್ಬ ವೃದ್ಧ ಎರವ ಹೆಂಗಸು ಐದು ದಿನ ನಮ್ಮಲ್ಲಿ ಹಣ್ಣು ಕುಯ್ದಳು. ಶನಿವಾರ ಸಂಜೆ ತೂಕ ಮುಗಿದ ಮೇಲೆ ಆಕೆ ಕಣದ ಅಂಚಿನಲ್ಲಿ ಚೀಲ ಮಡಚಿಕೊಂಡು ನಿಂತಿದ್ದಳು. ವ್ಯಾಪಾರಿ ಇನ್ನೂ ಹಣ ಕೊಟ್ಟಿರಲಿಲ್ಲ. "ಸೋಮವಾರ ಬಾ ಅಕ್ಕಾ, ಎಲ್ಲಾ ಸೇರಿಸಿ ಕೊಡುತ್ತೇನೆ" ಎಂದೆನು. "ಆಗಲಿ ಅಯ್ಯಾ" ಎಂದು ಆಕೆ ಇಳಿದು ಹೋದಳು. ನಾನು ದೀಪದ ಕೆಳಗೆ ಕೂತು ಮರುದಿನದ ಪ್ರಸಂಗವನ್ನು ಸಿದ್ಧಮಾಡಿದೆನು. ನೆರೆಯವನ ಪ್ರೀತಿಯೇ ಅದರ ವಿಷಯವಾಗಿತ್ತು!

ಆ ರಾತ್ರಿ ಒಂದು ವಚನವನ್ನು ಹುಡುಕುತ್ತಾ ಧರ್ಮೋಪದೇಶಕಾಂಡವನ್ನು ತೆರೆದಾಗ, 24ನೆಯ ಅಧ್ಯಾಯದ ಈ ಎರಡು ವಾಕ್ಯಗಳ ಬದಿಯಲ್ಲಿ ಕೆಂಪು ಸೀಸದಕಡ್ಡಿಯ ಗೆರೆಯನ್ನು ಕಂಡೆನು. ಸೆಮಿನರಿಯಲ್ಲಿ ಓದುತ್ತಿದ್ದಾಗ ನಾನೇ ಎಳೆದ ಗೆರೆ ಅದು. ಅಂಚಿನಲ್ಲಿ ಚಿಕ್ಕ ಅಕ್ಷರಗಳಿಂದ ಪ್ರಸಂಗದ ಮೂರು ಭಾಗಗಳನ್ನೂ ಬರೆದಿಟ್ಟಿದ್ದೆನು. ಮೂರು ಭಾಗಗಳು ನನ್ನಲ್ಲಿದ್ದವು, ಆಕೆಯ ಐದು ದಿನದ ಕೂಲಿಯೂ ನನ್ನಲ್ಲಿಯೇ ಇತ್ತು. ಮರುದಿನ ಆರಾಧನೆ ಮುಗಿದ ಕೂಡಲೇ ನೆರೆಮನೆಯವರಿಂದ ಸಾಲ ಪಡೆದು ಆಕೆಯ ಹಾಡಿಗೆ ಹೋದೆನು. ರಾತ್ರಿಯ ಅಕ್ಕಿಗಾಗಿ ಆಕೆ ಅಂಗಡಿಯಲ್ಲಿ ತನ್ನ ಅನ್ನದ ಪಾತ್ರೆಯನ್ನು ಅಡವಿಟ್ಟಿದ್ದಳು. ಅಕ್ಕಿ ಇತ್ತು, ಬೇಯಿಸುವ ಪಾತ್ರೆಗಾಗಿ ಪಕ್ಕದ ಮನೆಯವರ ಒಲೆ ಬಿಡುವಾಗುವ ವರೆಗೆ ಕಾದಿದ್ದಳು. ಬೀಸುವ ಕಲ್ಲನ್ನು ಒತ್ತೆ ತೆಗೆದುಕೊಳ್ಳಬಾರದೆಂದು ಅದೇ ಅಧ್ಯಾಯದ 6ನೆಯ ವಾಕ್ಯವು ವಿಧಿಸುತ್ತದೆ. ಅಂಗಡಿಯವನನ್ನು ದೂರುವದು ನನಗೆ ಸುಲಭವಾಗಿತ್ತು. ಆದರೆ ಆ ಪಾತ್ರೆಯನ್ನು ಒತ್ತೆಗೆ ಕಳುಹಿಸಿದವನು ಅವನಲ್ಲ.

ಈಗ ಇದೇ ಅಧ್ಯಾಯದ 18ನೆಯ ವಾಕ್ಯವನ್ನು ನೋಡಿರಿ. ಐಗುಪ್ತದಲ್ಲಿ ತಾವು ದಾಸರಾಗಿದ್ದದನ್ನು ಇಸ್ರಾಯೇಲ್ಯರು ನೆನಸಬೇಕು, ಆದಕಾರಣವೇ ಈ ಆಜ್ಞೆಗಳು ಎಂದು ಮೋಶೆಯು ಹೇಳುತ್ತಾನೆ. ನಮ್ಮ ಐಗುಪ್ತವು ದೂರದಲ್ಲಿರಲಿಲ್ಲ. ಹಿಂದಿನ ಕೊಡಗಿನಲ್ಲಿ ಭೂಮಿ ಜಮ್ಮದ ಆಳುಗಳೆಂದೂ ಒಕ್ಕಲು ಜಮ್ಮದ ಆಳುಗಳೆಂದೂ ಎರಡು ವಿಧದ ದಾಸರಿದ್ದರು. ಮೊದಲನೆಯವರು ಗದ್ದೆಗೆ ಕಟ್ಟುಬಿದ್ದವರು, ಎರಡನೆಯವರು ಯಜಮಾನನ ಸ್ವಂತ ಸೊತ್ತು. ಸರಕಾರದ 1843ರ ಕಾನೂನು ದಾಸತ್ವಕ್ಕೆ ಮನ್ನಣೆಯನ್ನು ತೆಗೆದುಹಾಕಿತು, 1860ರ ದಂಡಸಂಹಿತೆಯು ಮನುಷ್ಯರನ್ನು ದಾಸರಾಗಿ ಕೊಳ್ಳುವದನ್ನೂ ಮಾರುವದನ್ನೂ ಅಪರಾಧವೆಂದಿತು. ಈ ಎರಡರ ನಡುವೆ, 1853ರಲ್ಲಿ ಕೊಡಗಿಗೆ ಬಂದ ಬಾಸೆಲ್ ಮಿಶನಿನ ಹೆರ್ಮನ್ ಮೋಗ್ಲಿಂಗ್ ಅಯ್ಯನವರು ಇಂಥ ಆಳುಗಳಲ್ಲಿ ಸುವಾರ್ತೆಯನ್ನು ನಂಬಿದವರಿಗಾಗಿ ಅಮ್ಮತ್ತಿ ಸಿದ್ದಾಪುರಗಳ ಕಡೆಯಲ್ಲಿ ಆನಂದಪುರವನ್ನು ನೆಲೆಗೊಳಿಸಿದರು. ಕೂಲಿಯೆಂಬ ಮಾತನ್ನು ಬಾಯಲ್ಲಿ ಎತ್ತಲಾರದವರ ಸಂತಾನ ನಮ್ಮಲ್ಲಿ ಅನೇಕರು. ಈ ಹೊತ್ತು ನಮ್ಮವರಲ್ಲಿ ಕೆಲವರಿಗೆ ತೋಟವಿದೆ, ಕೆಲವರು ಮೇಸ್ತ್ರಿಗಳು, ಕೆಲವರು ರೈಟರು. ಕಣದ ಅಂಚಿನಲ್ಲಿ ನಿಂತು ಕಾಯುವವರು ಈಗ ಎರವರು, ಕುರುಬರು, ಅಸ್ಸಾಮಿನಿಂದ ಬಂದ ಭಾಷೆ ತಿಳಿಯದ ಹುಡುಗರು. ಸ್ವಜನನೂ ಪರದೇಶದವನೂ ಎಂಬ ಎರಡು ಪದಗಳು ನಮ್ಮ ಲೈನುಮನೆಗಳಲ್ಲಿ ಒಟ್ಟಿಗೆ ವಾಸಮಾಡುತ್ತವೆ.

"ಅವರಿಗೆ ಮುಂಗಡ ಕೊಟ್ಟಿದ್ದೇವಲ್ಲಾ" ಎಂದು ಕೆಲವರು ಹೇಳುವದುಂಟು. ಸಾಲವನ್ನು ತೋರಿಸಿ ಮನುಷ್ಯನನ್ನು ಕೆಲಸಕ್ಕೆ ಕಟ್ಟಿಹಾಕುವ ಜೀತವನ್ನು ದೇಶದ ಕಾನೂನೇ 1976ರಲ್ಲಿ ನಿಷೇಧಿಸಿತು. ಕಾನೂನಿಗಿಂತ ಕರ್ತನ ಸಭೆ ಹಿಂದೆ ಬೀಳಬಹುದೋ? ತೂಕದ ವಿಷಯವನ್ನು ನಾನು ಇಲ್ಲಿ ವಿಸ್ತರಿಸುವದಿಲ್ಲ. ಚೀಲಕ್ಕೆಂದೂ ಎಲೆಗೆಂದೂ ಮಂಜಿನ ನೀರಿಗೆಂದೂ ಎಷ್ಟು ವಜಾ ಮಾಡುತ್ತೇವೆಂಬದು ತಕ್ಕಡಿ ಹಿಡಿದವನಿಗೂ ದೇವರಿಗೂ ತಿಳಿದಿದೆ.

ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದ ದ್ರಾಕ್ಷೇತೋಟದ ಯಜಮಾನನನ್ನು ನಾವು ಕೃಪೆಯ ದೃಷ್ಟಾಂತಕ್ಕಾಗಿ ಎಷ್ಟೋ ಸಾರಿ ಎತ್ತಿಕೊಂಡಿದ್ದೇವೆ. ಕಡೇ ತಾಸಿನಲ್ಲಿ ಬಂದವರಿಗೂ ಪೂರಾ ಕೂಲಿ ಸಿಕ್ಕಿತೆಂದು ಸಂತೋಷಪಡುತ್ತೇವೆ. ಅದು ಸರಿಯೇ. ಆದರೆ 8ನೆಯ ವಾಕ್ಯವನ್ನು ಓದುವಾಗ ನಮ್ಮ ನಾಲಿಗೆ ಓಡಿಬಿಡುತ್ತದೆ. ಸಾಯಂಕಾಲವಾದಾಗಲೇ ಆ ಯಜಮಾನನು ತನ್ನ ಪಾರುಪತ್ಯಗಾರನನ್ನು ಕರೆದು ಕೂಲಿ ಕೊಡಿಸುತ್ತಾನೆ. ಕರ್ತನು ಕಲ್ಪಿಸಿದ ಒಳ್ಳೇ ಯಜಮಾನನು ಉದಾರಿಯಾಗುವ ಮೊದಲು ಮೋಶೆಯ ಆಜ್ಞೆಯಂತೆ ಹೊತ್ತಿಗೆ ಸರಿಯಾಗಿ ಕೊಡುವವನಾಗಿದ್ದನು. ಕ್ರಿಸ್ಮಸ್ಸಿಗೆ ಸೀರೆ ಹಂಚುವ ನಾವು ಶನಿವಾರದ ಬಟವಾಡೆಯನ್ನು ಮುಂದೂಡಿದರೆ ಆ ಸೀರೆಯು ಯಾವ ಲೆಕ್ಕಕ್ಕೆ ಸೇರುವದು? ಹಿಡಿದಿಟ್ಟ ಕೂಲಿ ತಾನೇ ಕೂಗುತ್ತದೆ, ಆ ಕೂಗು ಸೇನಾಧೀಶ್ವರನ ಕಿವಿಗೆ ಮುಟ್ಟುತ್ತದೆ ಎಂದು ಯಾಕೋಬನು ಬರೆದಿದ್ದಾನೆ (5:4). ಆ ಹೆಂಗಸು ನನ್ನ ಮುಂದೆ ಕೂಗಲಿಲ್ಲ, "ಆಗಲಿ ಅಯ್ಯಾ" ಎಂದಳು ಅಷ್ಟೇ.

"ವ್ಯಾಪಾರಿ ಹಣ ಕೊಡದೆ ನಾವೆಲ್ಲಿಂದ ತರೋಣ?" ಎಂದು ಸಭೆಯ ಹಿರಿಯರೊಬ್ಬರು ನನ್ನನ್ನು ಕೇಳಿದರು. ನ್ಯಾಯವಾದ ಪ್ರಶ್ನೆ. ಚಿಕ್ಕ ಬೆಳೆಗಾರನ ಕಷ್ಟ ನನಗೂ ಗೊತ್ತು. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಎಣಿಸಬೇಕೆಂದು ಕರ್ತನು ಲೂಕನ ಸುವಾರ್ತೆ 14:28ರಲ್ಲಿ ಹೇಳಿದ ಮಾತು ಕೊಯ್ಲಿಗೂ ಸಲ್ಲುತ್ತದೆ. ಕೊಯ್ಲಿಗೆ ಮುಂಚೆಯೇ ಕೂಲಿಯ ಹಣವನ್ನು ಬೇರೆ ಕಟ್ಟಿಡಿರಿ. ಹೋದ ವರುಷದ ಕರಿಮೆಣಸು ಅಟ್ಟದಲ್ಲಿದ್ದರೆ ಬೆಲೆ ಏರಲೆಂದು ಕಾಯದೆ ಒಂದು ಚೀಲ ಮಾರಿರಿ. ಶನಿವಾರ ನಾಲ್ಕು ಗಂಟೆಗೆ ಕೆಲಸ ನಿಲ್ಲಿಸಿ, ಬೆಳಕಿರುವಾಗಲೇ ತೂಗಿ, ಅಂಗಡಿ ಮುಚ್ಚುವದಕ್ಕೆ ಮುಂಚೆ ಅವರ ಕೈಗೆ ಹಣ ಎಣಿಸಿ ಕೊಡಿರಿ. ಇಷ್ಟಾದರೂ ಸಾಲದಿದ್ದರೆ ಹತ್ತು ಆಳುಗಳನ್ನು ಕರೆಯುವ ಕಡೆ ಆರು ಆಳುಗಳನ್ನು ಕರೆಯಿರಿ. ಹಣ್ಣು ಇನ್ನೊಂದು ವಾರ ಗಿಡದಲ್ಲಿರಲಿ, ನಾಲ್ಕು ಬೊಗಸೆ ನೆಲಕ್ಕೆ ಉದುರಿದರೂ ಉದುರಲಿ.