ಅರ್ಜಿಯಲ್ಲಿ ಯಾರ ಕಣ್ಣೀರು?

ಒಳ್ಳೆಯ ಕೆಲಸಕ್ಕೆ ಹಣ ಬೇಡುವುದು ತಪ್ಪೇ? ಮಾಡಿದ ಸೇವೆಗೆ ಪ್ರಶಸ್ತಿ ಬಯಸಿ ಅರ್ಜಿ ಹಾಕುವುದು ಸರಿಯೇ? ನಮ್ಮ ಧರ್ಮಕೇಂದ್ರಗಳಲ್ಲಿ ನಾಟಕ, ಹಾಡು, ಬೀದಿ ಪ್ರದರ್ಶನ ನಡೆಸುವ ಯುವಜನರೂ ಮಹಿಳಾ ಸಂಘದವರೂ ಆಗಾಗ ಈ ಪ್ರಶ್ನೆ ಎತ್ತುತ್ತಾರೆ. ದಾನವನ್ನು ಗುಟ್ಟಾಗಿ ಮಾಡಬೇಕೆಂದು ಪ್ರಭು ಯೇಸು ಬೆಟ್ಟದ ಮೇಲಿನ ಬೋಧನೆಯಲ್ಲಿ ಕಲಿಸಿದರು. ಹಚ್ಚಿದ ದೀಪವನ್ನು ಮುಚ್ಚಿಡಬಾರದೆಂದು ಕಲಿಸಿದ್ದೂ ಅದೇ ಬೋಧನೆಯಲ್ಲಿ. ಅರ್ಜಿ ತುಂಬುವವನು ಯಾವ ಮಾತನ್ನು ಹಿಡಿಯಬೇಕು?

ಕೆಲವು ವರ್ಷಗಳ ಹಿಂದೆ ತಪಸ್ಸುಕಾಲದಲ್ಲಿ ನಮ್ಮ ಮಹಿಳಾ ಸಂಘದವರು ಕುಡಿತದ ಮೇಲೊಂದು ಬೀದಿನಾಟಕ ಕಟ್ಟಿದರು. ಮಾತು ಹೊಸೆದವರು, ಹಾಡಿದವರು, ಗಂಡಸರ ಪಾತ್ರ ಮಾಡಿದವರು ಎಲ್ಲರೂ ಅವರೇ. ಸುತ್ತಲಿನ ಹತ್ತು ಹಳ್ಳಿಗಳಲ್ಲಿ ಆಡಬೇಕೆಂಬ ಆಸೆ. ಟೆಂಪೋ ಬಾಡಿಗೆ, ಮೈಕು, ಎರಡು ತಮಟೆ, ಕೆಲಸ ಬಿಟ್ಟು ಬರುವವರಿಗೆ ಆ ದಿನದ ಕೂಲಿ ಎಂದು ಲೆಕ್ಕ ಹಾಕಿದಾಗ ಸಂಘದ ಉಳಿತಾಯದಿಂದ ಆಗುವ ಮಾತಲ್ಲವೆಂದು ತಿಳಿಯಿತು. ಒಂದು ಟ್ರಸ್ಟಿಗೆ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ನಮೂನೆಯಲ್ಲಿ ಫಲಾನುಭವಿಗಳ ಸ್ಥಿತಿಗತಿ ಎಂಬ ಕಲಂ ಇತ್ತು. ನಾನು ಧಾರಾಳವಾಗಿಯೇ ಬರೆದೆ: ದಿನವೂ ಹೊಡೆತ ತಿನ್ನುವ ಹೆಂಗಸರು, ಹಸಿದು ಮಲಗುವ ಮಕ್ಕಳು, ಸಾಲದಲ್ಲಿ ಮುಳುಗಿದ ಮನೆಗಳು. ಕಳುಹಿಸುವ ಮುನ್ನ ಸಂಘದ ಸಭೆಯಲ್ಲಿ ಓದಿದೆ. ಮೆಚ್ಚುತ್ತಾರೆಂದೇ ಓದಿದೆ. ಯಾರೂ ಮಾತಾಡಲಿಲ್ಲ. ಕೊನೆಗೆ ಕುಡುಕನ ಪಾತ್ರ ಮಾಡುತ್ತಿದ್ದ ತಾಯಿ ಬಾಯಿಬಿಟ್ಟರು: "ಮೇಷ್ಟ್ರೇ, ಜನರನ್ನ ನಗಿಸಿ ಬುದ್ಧಿ ಹೇಳೋಣ ಅಂತ ನಾವು ನಾಟಕ ಕಟ್ಟಿದ್ದು. ನೀವು ನಮ್ಮನ್ನ ಅಳಿಸಿ ದುಡ್ಡು ಕೇಳ್ತಿದ್ದೀರಲ್ಲ. ಈ ಕಾಗದದಲ್ಲಿ ನಾಟಕ ಎಲ್ಲಿದೆ?"

ನಾನು ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅವರನ್ನು ಒಂದು ಮಾತೂ ಕೇಳದೆ ಅವರ ಮನೆಯ ಬಾಗಿಲನ್ನು ಗುರುತಿಲ್ಲದವರಿಗೆ ತೆರೆದಿಟ್ಟಿದ್ದೆ.

ಆ ರಾತ್ರಿ ಸಂತ ಪೌಲರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8 ಮತ್ತು 9ನೆಯ ಅಧ್ಯಾಯಗಳನ್ನು ಓದಿದೆ. ಧರ್ಮಸಭೆಯ ಮೊದಲ ಅನುದಾನದ ಅರ್ಜಿ ಅದೇ ಎಂದರೆ ನಮ್ಮ ಫಾದರ್ ನಗಬಹುದು. ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ ಪೌಲರು ಸಂಕೋಚವಿಲ್ಲದೆ ಹಣ ಕೇಳುತ್ತಾರೆ. ಮಕೆದೋನಿಯದವರು ತಮ್ಮ ಬಡತನದಲ್ಲೂ ಎಷ್ಟು ಕೊಟ್ಟರೆಂದು ಹೇಳಿ ಕೊರಿಂಥದವರನ್ನು ಹುರಿದುಂಬಿಸುವ ಜಾಣತನವೂ ಅವರಿಗಿದೆ. ಹಣದ ವಿಷಯದಲ್ಲಿ ಯಾರೂ ಬೆರಳು ತೋರದಿರಲೆಂದು ತೀತನೊಂದಿಗೆ ಸಭೆಗಳ ಪ್ರತಿನಿಧಿಗಳನ್ನೂ ಕಳುಹಿಸುತ್ತಾರೆ. ಆದರೆ ಎರಡೂ ಅಧ್ಯಾಯಗಳನ್ನು ಹುಡುಕಿ ನೋಡಿ, ಜೆರುಸಲೇಮಿನ ಹಸಿದವರ ವರ್ಣನೆ ಒಂದು ಸಾಲೂ ಸಿಗುವುದಿಲ್ಲ. ಕೊರತೆ ಇದೆ ಎಂದಷ್ಟೇ ತಿಳಿಸಿ, ಇಂದು ನೀವು ಅವರಿಗೆ ಆದರೆ ನಾಳೆ ಅವರು ನಿಮಗೆ ಆಗುತ್ತಾರೆ ಎಂಬ ಸಮಾನತೆಯ ಮಾತಿಗೆ ಹೋಗುತ್ತಾರೆ. ಪಡೆಯುವವನ ಕೈಯಲ್ಲೂ ಕೊಡುವುದಕ್ಕೆ ಏನೋ ಇದೆ ಎಂದು ನಂಬಿದವರ ಬರವಣಿಗೆ ಅದು.

ಕಲೆಯ ಕೆಲಸದಲ್ಲಿ ಇಂತಹ ನಂಬಿಕೆಯನ್ನು ನಮ್ಮ ನಾಡೇ ಕಂಡಿದೆ. ಸಾಗರದ ಬಳಿಯ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, 1983ರಲ್ಲಿ ಫೋರ್ಡ್ ಫೌಂಡೇಶನ್ನಿನ ನೆರವು ಪಡೆದು ನಾಟಕ, ಸಿನಿಮಾಗಳನ್ನು ಹಳ್ಳಿಗಳಿಗೆ ಒಯ್ಯುವ 'ಜನಸ್ಪಂದನ' ಯೋಜನೆ ಕೈಗೊಂಡಿತು. ನೆರವಿಗೆ ಮೊದಲು 34 ವರ್ಷಗಳ ದುಡಿಮೆ ಇತ್ತು ಎಂಬುದನ್ನು ಗಮನಿಸಬೇಕು. ನೀನಾಸಂನ ಚಿದಂಬರರಾವ್ ಜಂಬೆಯವರು ಉತ್ತರ ಕನ್ನಡದ ಮಂಚಿಕೇರಿಯಲ್ಲಿ ಸಿದ್ದಿ ಜನರಿಂದ 'ಕಪ್ಪು ಜನ ಕೆಂಪು ನೆರಳು' ಆಡಿಸಿದರು. ನೈಜೀರಿಯದ ಚಿನುವಾ ಅಚೆಬೆಯವರ 1958ರ ಕಾದಂಬರಿಯನ್ನು ಆಧರಿಸಿದ ನಾಟಕವದು. ಆಫ್ರಿಕಾದಿಂದ ಬಂದವರ ಸಂತತಿಯಾದ ಸಿದ್ದಿಗಳಲ್ಲಿ ಕಥೋಲಿಕ ಕುಟುಂಬಗಳೂ ಇವೆ. ಬಿಳಿಯ ಪಾದ್ರಿಗಳು ಬಂದ ಮೇಲೆ ಒಡೆದುಹೋಗುವ ಆಫ್ರಿಕದ ಹಳ್ಳಿಯ ಕಥೆ ನಮಗೆ ಅಷ್ಟೇನೂ ಹಿತವಲ್ಲ, ಇರಲಿ. ಹಿಂದುಳಿದವರ ಪಟ್ಟಿಯಲ್ಲಷ್ಟೇ ಜನ ಕಾಣುತ್ತಿದ್ದ ಸಿದ್ದಿಗಳನ್ನು ಆ ಕೆಲಸ ನಟರೆಂದು ನೋಡುವಂತೆ ಮಾಡಿತು.

ನೀನಾಸಂನ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದಕ್ಕೆ ಯಾರೂ ತಮ್ಮ ಹೆಸರನ್ನು ತಾವೇ ಸೂಚಿಸಿಕೊಳ್ಳುವಂತಿಲ್ಲ. ಇದು ಒಳ್ಳೆಯ ಕ್ರಮವೆಂದೇ ನನ್ನ ಭಾವನೆ. ಅನುದಾನ ಮುಂದಿನ ಕೆಲಸಕ್ಕೆ, ಪ್ರಶಸ್ತಿ ಹಿಂದಿನದಕ್ಕೆ. ಮೊದಲನೆಯದನ್ನು ಬಾಯಿಬಿಟ್ಟು ಕೇಳಬಹುದು, ಎರಡನೆಯದನ್ನು ಕೇಳಲು ನನಗಂತೂ ನಾಲಿಗೆ ಏಳದು.

ಇಂದು ಕೇಳುವುದಕ್ಕೆ ದಾರಿಗಳು ಹಲವು. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯವಿದೆ. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1995ರಿಂದ ಕಲೆಗೆ ಅನುದಾನ ಕೊಡುತ್ತಿದೆ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ವ್ಯಯಿಸಬೇಕು. ಆ ಪಟ್ಟಿಯಲ್ಲಿ ಕಲೆ, ಸಂಸ್ಕೃತಿಗೂ ಸ್ಥಾನವಿದೆ. ವಿದೇಶದ ಹಣಕ್ಕೆ ಎಫ್‌ಸಿಆರ್‌ಎ ನೋಂದಣಿ ಬೇಕು, ಚಿಕ್ಕ ಸಂಘಗಳಿಗೆ ಅದು ಸುಲಭವಾಗಿ ಎಟುಕುವಂಥದ್ದಲ್ಲ.

ಕೊಡುವವರು ಪರಿಣಾಮವೇನೆಂದು ಕೇಳುತ್ತಾರೆ. ಕೇಳುವುದು ನ್ಯಾಯವೇ. ಆದರೆ ಒಂದು ನಾಟಕ ನೋಡಿ ಎಷ್ಟು ಮಂದಿ ಕುಡಿತ ಬಿಟ್ಟರೆಂದು ಎಣಿಸಿದವರು ಯಾರು? ಅಂದಾಜಿನ ಮೇಲೆ ಐವತ್ತು ಎಂದು ಬರೆದರೆ ಎಂಟನೆಯ ಕಟ್ಟಳೆ ಅಲ್ಲಿಯೇ ಮುರಿಯಿತು. ಬಡವರ ಹೆಸರಿನಲ್ಲಿ ಹೇಳಿದ ಸುಳ್ಳಿಗೆ ರಿಯಾಯಿತಿ ಇದೆಯೆಂದು ನಾನು ಎಲ್ಲಿಯೂ ಓದಿಲ್ಲ.

ಮರುವಾರ ಆ ತಾಯಂದಿರ ನಡುವೆ ಕೂತು ಅರ್ಜಿಯನ್ನು ಮತ್ತೆ ಬರೆದೆ. ಅವರು ಕಟ್ಟಿದ ಐದು ಹಾಡುಗಳು, ತಾಲೀಮಿಗೆ ಕೊಟ್ಟ ಸಂಜೆಗಳು, ಹೋಗಬೇಕಾದ ಹಳ್ಳಿಗಳು, ಬೇಕಾದ ಹಣ. ಪರಿಣಾಮದ ಕಲಮಿನಲ್ಲಿ, ಆಡಿದ ಮೇಲೆ ಕಂಡದ್ದನ್ನು ತಿಳಿಸುತ್ತೇವೆ ಎಂದಷ್ಟೇ ಬರೆದೆವು.

ಹಣ ಬರಲಿಲ್ಲ. ಕಾರಣವನ್ನೂ ತಿಳಿಸಲಿಲ್ಲ. ಮೊದಲಿನ ಅರ್ಜಿಯೇ ಹೋಗಿದ್ದರೆ ಬರುತ್ತಿತ್ತೋ ಏನೋ ಎಂದು ಇಂದಿಗೂ ಒಮ್ಮೊಮ್ಮೆ ಅನಿಸುತ್ತದೆ. ಸಂಘದವರು ದೇವಾಲಯದ ಹಬ್ಬದ ದಿನ ತಿಂಡಿಯ ಅಂಗಡಿ ಹಾಕಿ ನಾಲ್ಕು ಹಳ್ಳಿಗಳಿಗೆ ಆಗುವಷ್ಟು ಕೂಡಿಸಿದರು. ನಾಲ್ಕನೆಯ ಊರಿನಲ್ಲಿ ಮಳೆ ಬಂದು ಆಟ ಅರ್ಧಕ್ಕೆ ನಿಂತಿತು. ಮುಂದಿನ ಭಾನುವಾರ ಆ ಊರಿನವರೇ ಟೆಂಪೋ ಬಾಡಿಗೆ ಕೊಟ್ಟು ಕರೆಸಿಕೊಂಡು ಉಳಿದದ್ದನ್ನು ನೋಡಿದರು. ಮಿಕ್ಕ ಆರು ಹಳ್ಳಿಗಳಿಗೆ ನಾಟಕ ಮುಟ್ಟಲೇ ಇಲ್ಲ.